ಉಳಿ ಹಿಡಿಯುವ ಮೊದಲು ಮೇಣ: ಮೀರಾ ಮುಖರ್ಜಿ ಕಂಚಿನಿಂದ ಎರಕದವರಿಗೆ ಸಿಗುವ ಪಾಠ

ಕಂಚಿನ ಎರಕಕ್ಕೆ ಹೊಸದಾಗಿ ಬಂದವರ ನಂಬಿಕೆಯೆಲ್ಲ ಉಳಿ, ಅರದ ಮೇಲೆ. ಎರಕ ಹೇಗೇ ಬರಲಿ, ಆಮೇಲೆ ತೀಡಿ ಸರಿಮಾಡಿದರಾಯಿತು ಎಂಬ ಲೆಕ್ಕ. ತಮಿಳುನಾಡಿನ ಸ್ವಾಮಿಮಲೈಯ ಘನ ಎರಕದ ವಿಗ್ರಹಗಳಲ್ಲಿ ಕಣ್ಣು, ಆಭರಣದ ನಾಜೂಕು ಬರುವುದು ಉಳಿಯಿಂದಲೇ, ನಿಜ. ಆದರೆ ಮೈಮೇಲೆ ಎಳೆ ಎದ್ದು ನಿಲ್ಲಬೇಕಾದ ಟೊಳ್ಳು ಎರಕದಲ್ಲಿ ಆ ಲೆಕ್ಕ ನಡೆಯದು. ಅದನ್ನು ಅರಿಯಲು ಶಿಲ್ಪಿ ಮೀರಾ ಮುಖರ್ಜಿ (1923–1998) ಅವರ ಕೆಲಸ ನೋಡಬೇಕು.

ಕೋಲ್ಕತ್ತದ ಮೀರಾ 1953ರಿಂದ 1956ರವರೆಗೆ ಮ್ಯೂನಿಕ್‌ನಲ್ಲಿ ಕಲಿತರು. ಮರಳಿದ ಮೇಲೆ ಈಗಿನ ಛತ್ತೀಸಗಢದ ಬಸ್ತಾರದ ಎರಕದವರ ಜತೆ ಕೂತು ಢೋಕ್ರಾ ಪದ್ಧತಿ ಕಲಿತರು. ಮಣ್ಣಿನ ತಿರುಳಿನ ಮೇಲೆ ಮೇಣದ ಎಳೆಗಳಿಂದ ರೂಪ ಕಟ್ಟಿ, ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದ ಜಾಗಕ್ಕೆ ಲೋಹ ಸುರಿಯುವ ವಿಧಾನ ಅದು. ದೇಶದ ಲೋಹ ಕುಶಲಕರ್ಮಿಗಳ ವಿಧಾನಗಳನ್ನು ಊರೂರು ಸುತ್ತಿ ದಾಖಲಿಸಿದರು. ಅಂಗೈಯಗಲದ ಬೊಂಬೆಯ ಎಳೆಕೆಲಸವನ್ನು ಆಳೆತ್ತರ ಮೀರಿದ ಕಂಚಿಗೆ ಹೊಂದಿಸಿದ್ದು ಅವರ ದೊಡ್ಡ ಸಾಧನೆ. ದೆಹಲಿಯ ಮೌರ್ಯ ಹೋಟೆಲಿನಲ್ಲಿರುವ ‘ಕಳಿಂಗದಲ್ಲಿ ಅಶೋಕ’ ಅದಕ್ಕೆ ಸಾಕ್ಷಿ. ಅವರ ಬೆಸ್ತರು, ನೇಕಾರರು, ಬಂಗಾಳದ ಅಲೆಮಾರಿ ಬಾವುಲ್ ಹಾಡುಗಾರರ ಮೈಮೇಲಿನ ಗೆರೆಗಳು ಬಹುಪಾಲು ಮೇಣದಲ್ಲೇ ಎಳೆ, ಪಟ್ಟಿಗಳಾಗಿ ಕೂರಿಸಿದವು.

ಇದನ್ನು ಮಾಡಹೊರಟಾಗ ಮೊದಲು ಕೈಕೊಡುವುದು ಎಳೆಯೇ. ಜೇನುಮೇಣಕ್ಕೆ ರಾಳ, ಸ್ವಲ್ಪ ಎಣ್ಣೆ ಬೆರೆಸುತ್ತೇವೆ. ಬೇಸಿಗೆಯಲ್ಲಿ ರಾಳ ಹೆಚ್ಚು, ಚಳಿಯಲ್ಲಿ ಎಣ್ಣೆ ಹೆಚ್ಚು. ಶಾವಿಗೆ ಒರಳಿನಂಥ ಒತ್ತಿನಿಂದ ಎಳೆ ತೆಗೆದು, ಬಿಸಿ ಕಂಬಿಯಿಂದ ಅದರ ಬುಡವನ್ನು ಉದ್ದಕ್ಕೂ ಬೆಸೆಯಬೇಕು. ಎರಡು ತುದಿ ಮಾತ್ರ ಅಂಟಿಸಿದರೆ ಕೆಟ್ಟಿತು. ಕೆಳಗೆ ಕೂದಲೆಳೆಯಷ್ಟು ಸಂದು ಉಳಿದರೂ ಮೊದಲ ಲೇಪದ ತೆಳು ಮಣ್ಣು ಅಲ್ಲಿ ನುಗ್ಗುತ್ತದೆ. ಕಂಚು ಹರಿದಾಗ ಆ ಮಣ್ಣಿನ ಹಾಳೆ ಮುರಿದು ಲೋಹದೊಳಗೆ ಸೇರುತ್ತದೆ. ಅಚ್ಚು ಒಡೆದು ನೋಡಿದರೆ ಗೆರೆ ಇರಬೇಕಾದಲ್ಲಿ ಗುಳಿಗಳ ಸಾಲು. ಅದನ್ನು ಯಾವ ಉಳಿಯೂ ಸರಿಮಾಡದು.

ಮೇಣದ ಗೋಡೆ ಎಲ್ಲೆಡೆ 4–5 ಮಿ.ಮೀ. ಇರಲಿ. ದಪ್ಪ ಭಾಗ ಕೊನೆಗೆ ಗಟ್ಟಿಯಾಗುತ್ತದೆ. ಕುಗ್ಗುವಾಗ ಲೋಹ ಪೂರೈಕೆಯಾಗದೆ ಒಳಗೆ ಪೊಳ್ಳು ಬೀಳುತ್ತದೆ. ದಪ್ಪ ತಪ್ಪಿಸಲಾಗದಿದ್ದರೆ ಅಲ್ಲಿಗೇ ಲೋಹ ಹರಿಯುವ ಒಂದು ದಪ್ಪ ನಾಳ ಕೊಡಿ. ಒಳತಿರುಳು ಜರುಗದಂತೆ ಹೊಡೆದ ಕಬ್ಬಿಣದ ಮೊಳೆಗಳನ್ನು ಆಮೇಲೆ ಕಿತ್ತು, ಕಂಚಿನಿಂದಲೇ ತೂತು ಮುಚ್ಚಬೇಕು. ಬಿಟ್ಟರೆ ತುಕ್ಕು ಹೊರಗೆ ಇಳಿಯುತ್ತದೆ.

ತೂಕದ ಲೆಕ್ಕಕ್ಕೆ ನಮ್ಮಲ್ಲೇ ಹಳೆಯ ಆಧಾರವಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ ಹಿತ್ತಾಳೆ, ತಾಮ್ರಕ್ಕೆ ಮೇಣದ 8 ಪಟ್ಟು ಎನ್ನುತ್ತದೆ. ನೂರಕ್ಕೆ 10 ಭಾಗ ತವರವಿರುವ ಕಂಚು ಮೇಣಕ್ಕಿಂತ ಸುಮಾರು 9 ಪಟ್ಟು ಭಾರ. ನಾಳಗಳ ಮೇಣವನ್ನೂ ಸೇರಿಸಿ ತೂಗಿ, 10 ಪಟ್ಟು ಲೋಹ ಕರಗಿಸುವುದು ಕ್ಷೇಮ. ಮಧ್ಯದಲ್ಲಿ ಲೋಹ ಕರಗಿಸುವ ಮೂಸೆ ಬರಿದಾದರೆ, ಮತ್ತೆ ಸುರಿದದ್ದು ಮೊದಲಿನದರ ಜತೆ ಬೆಸೆಯುವುದಿಲ್ಲ.

ಅಚ್ಚಿನಲ್ಲಿ ಹಸಿ ಉಳಿಯಲೇಬಾರದು. ಉಳಿದರೆ ಅದರ ಆವಿ, ಕರಗಿದ ಕಂಚನ್ನು ಸುರಿಯುವವನ ಮುಖಕ್ಕೇ ಎರಚುತ್ತದೆ. ಇಲ್ಲಿ ಅವಸರ ಮಾಡುವವರನ್ನು ಮೂಸೆಯ ಹತ್ತಿರ ಬಿಡಬಾರದು. ಸುಮಾರು 1,100–1,150 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಚ್ಚು ಬಿಸಿಯಿರುವಾಗಲೇ ಸುರಿಯಿರಿ. ತಣ್ಣಗಾದ ಅಚ್ಚಿನಲ್ಲಿ ತೆಳು ಎಳೆಗಳಿಗೆ ಲೋಹ ತಲುಪುವ ಮೊದಲೇ ಹೆಪ್ಪುಗಟ್ಟುತ್ತದೆ.

ದೊಡ್ಡ ಮೂರ್ತಿಯನ್ನು ತುಂಡುತುಂಡಾಗಿ ಎರೆಯುವುದಾದರೆ ಕೂಡುಗೆರೆಯನ್ನು ಎಳೆಗಳ ಓಟದ ಜತೆಗೇ ಹಾಯಿಸಿ, ಅಡ್ಡ ಕತ್ತರಿಸಬೇಡಿ. ಬೆಸುಗೆಯ ಕಡ್ಡಿಯನ್ನೂ ಅದೇ ಮೂಸೆಯ ಲೋಹದಿಂದ ಎರೆದಿಟ್ಟುಕೊಳ್ಳಿ. ಬೇರೆ ಮಿಶ್ರಲೋಹವಾದರೆ ಬಣ್ಣ ಕಟ್ಟಿಸುವಾಗ ಕೂಡು ಎದ್ದು ಕಾಣುತ್ತದೆ.