ಕೆಲಸ ಬಿಟ್ಟು ಪಶುವೈದ್ಯ ಕಾಲೇಜಿಗೆ: ಅರ್ಜಿಗೆ ಮೊದಲಿನ ಲೆಕ್ಕ

ಬ್ಯಾಂಕು, ಶಾಲೆ, ಸಕ್ಕರೆ ಕಾರ್ಖಾನೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ, ಎಲ್ಲಿಂದ ಹೊರಟರೂ ಪಶುವೈದ್ಯರಾಗಲು ಬೇಕಾದ ಬಿ.ವಿ.ಎಸ್ಸಿ. ಮತ್ತು ಎ.ಎಚ್. ಪದವಿಗೆ ಬಾಗಿಲು ಒಂದೇ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿ ಪಾಸಾಗಿರಬೇಕು. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದವರಿಗೂ ನೇರವಾಗಿ ಎರಡನೇ ವರ್ಷಕ್ಕೆ ಪ್ರವೇಶವಿಲ್ಲ. ಎಂ.ಎಸ್ಸಿ. ಆಗಿದ್ದರೂ ಹದಿನೆಂಟರ ಹುಡುಗ ಹುಡುಗಿಯರ ಜೊತೆ ಮೊದಲನೇ ಬೆಂಚಿನಿಂದಲೇ ಶುರು. ಅಮೆರಿಕದ ಬ್ಲಾಗುಗಳನ್ನು ಓದಿ ಅನುಭವ ಪತ್ರ, ಶಿಫಾರಸು ಪತ್ರ ಜೋಡಿಸತೊಡಗುವವರಿದ್ದಾರೆ. ನಮ್ಮಲ್ಲಿ ಅವಕ್ಕೆ ಒಂದು ಅಂಕವೂ ಇಲ್ಲ. ಕೃಷಿಕ ಕೋಟಾ ಬಿಟ್ಟರೆ, ಹತ್ತು ವರ್ಷ ಎಮ್ಮೆ ಸಾಕಿದವರಿಗೂ ಎಮ್ಮೆ ಮುಟ್ಟದವರಿಗೂ ಒಂದೇ ರ‍್ಯಾಂಕ್ ಪಟ್ಟಿ.

ಹಾಗಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಹೊರಡುವವರು ಪುಸ್ತಕ ಕೊಳ್ಳುವ ಮೊದಲು ಎರಡು ಸಂಖ್ಯೆ ಬರೆದುಕೊಳ್ಳಬೇಕು. ಒಂದು, ಹಳೆಯ ಪಿಯುಸಿಯ ಪಿಸಿಬಿ ಅಂಕ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರರದ್ದು. ಎರಡು, ಕಾಲೇಜಿನಿಂದ ಹೊರಬರುವ ದಿನದ ವಯಸ್ಸು. ಜನ ಸೇರುವಾಗಿನ ವಯಸ್ಸನ್ನು ಲೆಕ್ಕ ಹಾಕುತ್ತಾರೆ. ಎಡವುವುದು ಅಲ್ಲೇ.

ಮೊದಲು ಅಂಕದ ವಿಚಾರ. ರಾಜ್ಯ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿ ಮೂಲಕ ಹಂಚುತ್ತದೆ. ಪಶುವೈದ್ಯ ರ‍್ಯಾಂಕಿಗೆ ಪಿಯುಸಿಯ ಪಿಸಿಬಿ ಅಂಕದ ಅರ್ಧ, ಸಿಇಟಿಯ ಪಿಸಿಬಿ ಅಂಕದ ಅರ್ಧ ಸೇರುತ್ತದೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಈಗ ಲೆಕ್ಕ ನೋಡಿ. ನಿಮ್ಮ ಪಿಯುಸಿ ಪಿಸಿಬಿ 300ಕ್ಕೆ 174, ಅಂದರೆ ಶೇ 58. ಚೆನ್ನಾಗಿ ಓದಿ ಸಿಇಟಿಯಲ್ಲಿ 180ಕ್ಕೆ 126 ತೆಗೆದಿರಿ, ಶೇ 70. ಸರಾಸರಿ 64. ಪಕ್ಕದ ಹುಡುಗಿ ಪಿಯುಸಿಯಲ್ಲಿ 276 ತೆಗೆದು ಶೇ 92 ಹಿಡಿದಿದ್ದಾಳೆ, ಸಿಇಟಿಯಲ್ಲಿ ಬರೀ 99, ಅಂದರೆ ಶೇ 55. ಅವಳ ಸರಾಸರಿ 73.5. ಅವಳನ್ನು ಹಿಂದೆ ಹಾಕಲು ನಿಮಗೆ ಸಿಇಟಿಯಲ್ಲಿ 161 ಬೇಕು. ಹಿಂದಿನ ಕಾಲದಲ್ಲಿ ಪಿಯುಸಿಯಲ್ಲಿ ಅಂಕ ಹಾಕುತ್ತಿದ್ದುದೇ ಕಡಿಮೆ, ಆ ಅಂಕಪಟ್ಟಿ ಇವತ್ತಿಗೂ ಜೊತೆಗೇ ಬರುತ್ತದೆ.

ಈ ಭಾರ ಇಲ್ಲದ ದಾರಿ ಒಂದಿದೆ, ನಮ್ಮ ಕಡೆ ಅದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಮಾನ್ಯತೆ ಪಡೆದ ಕಾಲೇಜುಗಳ ಶೇ 15 ಸೀಟುಗಳನ್ನು ಭಾರತೀಯ ಪಶುವೈದ್ಯ ಪರಿಷತ್ತು ಅಖಿಲ ಭಾರತ ಕೋಟಾದಲ್ಲಿ ತುಂಬುತ್ತದೆ. ಅಲ್ಲಿ ರಾಷ್ಟ್ರಮಟ್ಟದ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ ಅಂಕವೇ ರ‍್ಯಾಂಕು. ಪಿಯುಸಿ ಅಂಕ ಅರ್ಹತೆಗಷ್ಟೇ: ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಗಳಿಗೆ ಸಡಿಲಿಕೆ. ಪಿಯುಸಿ ಶೇ 58 ಇದ್ದವರೂ ಶೇ 92 ಇದ್ದವರೂ ಇಲ್ಲಿ ಸಮಾನರು. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ 90 ಪ್ರಶ್ನೆ, 360 ಅಂಕ ಜೀವಶಾಸ್ತ್ರದ್ದೇ. ಸರಿಯಾದದ್ದಕ್ಕೆ 4, ತಪ್ಪಿಗೆ ಒಂದು ಅಂಕ ಕಡಿತ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ನೀಟ್ ಬರೆದರಷ್ಟೇ ಸಾಲದು, ಪರಿಷತ್ತಿನ ಕೌನ್ಸೆಲಿಂಗಿಗೆ ಬೇರೆಯಾಗಿ ನೋಂದಣಿ ಮಾಡಬೇಕು. ಎಂಬಿಬಿಎಸ್ ಕೌನ್ಸೆಲಿಂಗಿನಲ್ಲೇ ಇದೂ ಬರುತ್ತದೆ ಎಂದು ಕಾಯುತ್ತ ಕೂತವರ ಕೈಯಿಂದ ವರ್ಷ ಜಾರುತ್ತದೆ. ಸೀಟು ದೂರದ ರಾಜ್ಯದಲ್ಲಿ ಸಿಗಬಹುದು ಎಂಬುದಕ್ಕೂ ಮನೆಯವರು ತಯಾರಿರಬೇಕು. ಪಿಯುಸಿ ಅಂಕ ಶೇ 70ಕ್ಕಿಂತ ಕೆಳಗಿದ್ದರೆ ಓದಿನ ಭಾರವನ್ನು ನೀಟ್ ಕಡೆಗೆ ಹಾಕುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಸಿಇಟಿ ಹೇಗೂ ಅದೇ ಓದಿನ ಮೇಲೆ ಬರೆಯಬಹುದು.

ಹಳೆಯ ಪುಸ್ತಕ ತೆಗೆದು ಧೂಳು ಒರೆಸುವ ಮೊದಲು ಒಂದು ಮಾತು. ರಾಜ್ಯದ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯ ಬಂದದ್ದು 2012-13ರಿಂದ. ಅದಕ್ಕಿಂತ ಮೊದಲು ಓದಿದವರ ಪುಸ್ತಕ ಈಗ ಕೆಲಸಕ್ಕೆ ಬಾರದು. ಆಮೇಲಿನ ಪುಸ್ತಕದಿಂದಲೂ ಹಲವು ಅಧ್ಯಾಯಗಳನ್ನು ಕೈಬಿಟ್ಟಿದ್ದಾರೆ. ಜೀರ್ಣಕ್ರಿಯೆ, ಸಸ್ಯಗಳಲ್ಲಿ ಸಾಗಣೆ, ಖನಿಜ ಪೋಷಣೆ ಹಾಗೆ ಹೋದವು. ಕಾಲೇಜು ಸೇರಿದ ಮೇಲೆ ಆಕಳಿನ ನಾಲ್ಕು ಕೋಣೆಯ ಹೊಟ್ಟೆಯೇ ಅರ್ಧ ವೈದ್ಯಕೀಯ, ಆದರೆ ಪ್ರವೇಶ ಪರೀಕ್ಷೆಗೆ ಜೀರ್ಣಕ್ರಿಯೆಯ ಅಧ್ಯಾಯವೇ ಇಲ್ಲ. ಪರೀಕ್ಷೆ ಮುಗಿಯುವವರೆಗೆ ಈಗಿನ ಪುಸ್ತಕವನ್ನಷ್ಟೇ ಹಿಡಿಯಿರಿ.

ಪಿಯುಸಿಯಲ್ಲಿ ಕಾಮರ್ಸ್ ಅಥವಾ ಕಲಾ ವಿಭಾಗ ಓದಿದವರಿಗೆ, ಜೀವಶಾಸ್ತ್ರ ಬಿಟ್ಟು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಜೊತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ, ಮೊದಲ ಹೆಜ್ಜೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್‌ಐಒಎಸ್. ಹನ್ನೆರಡನೇ ತರಗತಿ ಪಾಸಾದವರು ಅಲ್ಲಿ ಒಂದರಿಂದ ನಾಲ್ಕು ವಿಷಯಗಳಿಗೆ ಭಾಗಶಃ ಪ್ರವೇಶ ಪಡೆಯಬಹುದು. ನಮಗೆ ಬೇಕಾದದ್ದೂ ನಾಲ್ಕೇ: ಇಂಗ್ಲಿಷ್ 302, ಭೌತಶಾಸ್ತ್ರ 312, ರಸಾಯನಶಾಸ್ತ್ರ 313, ಜೀವಶಾಸ್ತ್ರ 314. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ. ಪಾಸಾಗಲು 33 ಸಾಕು, ಆದರೆ ನಿಮಗೆ ಬೇಕಿರುವುದು 50, ರ‍್ಯಾಂಕಿಗೆ ಅದಕ್ಕಿಂತ ಎಷ್ಟೋ ಹೆಚ್ಚು. ಪ್ರಾಯೋಗಿಕ ತರಗತಿ ನಡೆಸದ ಅಧ್ಯಯನ ಕೇಂದ್ರ ಹಿಡಿದರೆ ಸೂಕ್ಷ್ಮದರ್ಶಕ ಮುಟ್ಟದೆಯೇ ಪರೀಕ್ಷೆಗೆ ಕೂರಬೇಕಾಗುತ್ತದೆ, ಕೇಂದ್ರಕ್ಕೆ ಹೋಗಿ ಪ್ರಯೋಗಾಲಯ ಕಣ್ಣಾರೆ ನೋಡಿ ಬನ್ನಿ. ಹೀಗೆ ಬೇರೆ ಬೇರೆ ಮಂಡಳಿಯಿಂದ ಬರುವ ಅಂಕಪಟ್ಟಿ ತಮಗೆ ಸಮ್ಮತವೇ ಎಂದು ಕೆಇಎಗೂ ಪಶುವೈದ್ಯ ಪರಿಷತ್ತಿಗೂ ಶುಲ್ಕ ಕಟ್ಟುವ ಮೊದಲೇ ಬರೆದು ಕೇಳಿ, ಉತ್ತರವನ್ನು ಜೋಪಾನ ಮಾಡಿ. ಇನ್ನೊಂದು ವಿಷಯ ಮರೆಯಬಾರದು: ರಾಜ್ಯದ ಪಿಯು ಮಂಡಳಿಯ ಅಂಕ ಕೆಇಎಗೆ ಮಂಡಳಿಯಿಂದಲೇ ಬರುತ್ತದೆ. ಎನ್‌ಐಒಎಸ್, ಸಿಬಿಎಸ್‌ಇಯವರು ತಮ್ಮ ಅಂಕಗಳನ್ನು ಪೋರ್ಟಲ್‌ನಲ್ಲಿ ತಾವೇ ತುಂಬಬೇಕು. ತುಂಬದಿದ್ದರೆ ಸಿಇಟಿ ಬರೆದಿದ್ದರೂ ರ‍್ಯಾಂಕ್ ಬರುವುದಿಲ್ಲ.

ಇನ್ನು ವಯಸ್ಸು. ಕೋರ್ಸು ಐದೂವರೆ ವರ್ಷ: ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು ಎನ್ನುವುದು ಕೆಳಗಿನ ಮಿತಿ. ಮೇಲಿನ ಮಿತಿಯ ಬಗ್ಗೆ ಕೆಇಎ ಮತ್ತು ಪಶುವೈದ್ಯ ಪರಿಷತ್ತಿನ ಆಯಾ ವರ್ಷದ ಎರಡೂ ಮಾಹಿತಿ ಪುಸ್ತಕಗಳ ಅರ್ಹತೆಯ ಪುಟವನ್ನು ಅರ್ಜಿಗೆ ಮೊದಲು ಓದಿ. 2022ರಲ್ಲಿ ನೀಟ್‌ನ ಗರಿಷ್ಠ ವಯೋಮಿತಿ ತೆಗೆದರು ಎಂಬ ಸುದ್ದಿಯನ್ನು ನೆಚ್ಚಿ ಕೂರಬೇಡಿ, ಪರೀಕ್ಷೆ ಬರೆಯುವ ಅರ್ಹತೆಯೇ ಬೇರೆ, ಕೋರ್ಸಿನ ಅರ್ಹತೆಯೇ ಬೇರೆ. ನಿಜವಾಗಿ ಕಟ್ಟಿಹಾಕುವುದು ಇನ್ನೊಂದು ತುದಿ. ರಾಜ್ಯ ಸರ್ಕಾರಿ ನೇಮಕಾತಿಯ ಸಾಮಾನ್ಯ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಇತರ ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರು ಮತ್ತು ಪ್ರವರ್ಗ 1ಕ್ಕೆ 40. ಮೂವತ್ತೊಂದಕ್ಕೆ ಸೇರಿದವರು ಒಂದು ವಿಷಯದಲ್ಲೂ ಹಿಂದೆ ಬೀಳದೆ ಮುಗಿಸಿದರೂ ಮೂವತ್ತಾರೂವರೆ. ಸಾಮಾನ್ಯ ವರ್ಗದವರಾದರೆ ಪಶುವೈದ್ಯಾಧಿಕಾರಿ ಹುದ್ದೆಯ ಅರ್ಜಿಯೇ ದಾಟಿಹೋಗಿರುತ್ತದೆ. ಒಂದು ಬಾರಿಯ ಸಡಿಲಿಕೆ ಆಗೀಗ ಬರುತ್ತದೆ, ಅದರ ಮೇಲೆ ಬಾಳು ಕಟ್ಟಬಾರದು. ನೇಮಕಾತಿ ಅಧಿಸೂಚನೆಗಳೂ ಪ್ರತಿ ವರ್ಷ ಬರುವುದಿಲ್ಲ. ಆದ್ದರಿಂದ ಇಪ್ಪತ್ತೊಂಬತ್ತು ದಾಟಿದ ಸಾಮಾನ್ಯ ವರ್ಗದವರು ಖಾಸಗಿ ದಾರಿಯನ್ನೇ ಮುಖ್ಯ ಎಂದುಕೊಂಡು ಯೋಚಿಸಬೇಕು: ಬೆಳಗಾವಿ ನಗರದಲ್ಲಿ ನಾಯಿ ಬೆಕ್ಕುಗಳ ಕ್ಲಿನಿಕ್ಕು, ಹೈನು ಹಳ್ಳಿಗಳಲ್ಲಿ ಮನೆ ಮನೆ ಚಿಕಿತ್ಸೆ, ಕೋಳಿ ಸಾಕಣೆ, ಮೇವು ಮತ್ತು ಔಷಧ ಕಂಪನಿ. ಯಾವುದಕ್ಕೂ ರಾಜ್ಯ ಪಶುವೈದ್ಯ ಪರಿಷತ್ತಿನ ನೋಂದಣಿ ಇಲ್ಲದೆ ಚಿಕಿತ್ಸೆ ಮಾಡುವಂತಿಲ್ಲ, 1984ರ ಭಾರತೀಯ ಪಶುವೈದ್ಯ ಪರಿಷತ್ತು ಕಾಯಿದೆ ಅದನ್ನು ಬಿಗಿಯಾಗಿ ಹೇಳುತ್ತದೆ.

ಹಣದ ಲೆಕ್ಕದಲ್ಲಿ ಕಾಲೇಜು ಶುಲ್ಕ ಚಿಕ್ಕ ಭಾಗ. ತಿಂಗಳಿಗೆ 25,000 ರೂಪಾಯಿ ಸಂಬಳ ಬಿಟ್ಟರೆ 66 ತಿಂಗಳಿಗೆ 16,50,000 ರೂಪಾಯಿ ಹೋಯಿತು. ಹಾಜರಾತಿ ಶೇ 75 ಕಡ್ಡಾಯ, ಬೆಳಗಿನಿಂದ ಸಂಜೆವರೆಗೆ ತರಗತಿ, ಪ್ರಯೋಗಾಲಯ, ಫಾರ್ಮ್. ಜೊತೆಗೆ ಕೆಲಸ ಮಾಡುತ್ತೇನೆ ಎನ್ನುವ ಯೋಜನೆ ಮೊದಲ ವರ್ಷದ ಅಂಗರಚನಾಶಾಸ್ತ್ರದಲ್ಲೇ ಮುರಿಯುತ್ತದೆ. ಒಂದು ಪದವಿ ಮುಗಿಸಿ ಅದೇ ಹಂತದ ಇನ್ನೊಂದಕ್ಕೆ ಸೇರಿದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸಾಮಾನ್ಯವಾಗಿ ಸಿಗದು, ಅದನ್ನು ನಂಬಿ ಬಜೆಟ್ ಮಾಡಬೇಡಿ.

ಗಡಿ ಜಿಲ್ಲೆಯವರ ದಾಖಲೆಗಳೇ ಒಂದು ಅಧ್ಯಾಯ. ನಿಪ್ಪಾಣಿ, ಚಿಕ್ಕೋಡಿ, ಅಥಣಿ ಕಡೆಯವರು ಮೀರಜ, ಸಾಂಗಲಿ, ಕೊಲ್ಹಾಪುರದಲ್ಲಿ ಹನ್ನೆರಡನೆಯದು ಓದಿರುತ್ತಾರೆ. ರಾಜ್ಯ ಕೋಟಾಕ್ಕೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯಲ್ಲಿ ಒಂದನ್ನಾದರೂ ಇಲ್ಲೇ ಪಾಸು ಮಾಡಿರಬೇಕು. ಜತ್ತ, ಅಕ್ಕಲಕೋಟೆ, ಗಡಹಿಂಗ್ಲಜ, ದಕ್ಷಿಣ ಸೊಲ್ಲಾಪುರದ ಕನ್ನಡಿಗರಿಗೆ ಗಡಿನಾಡು ಷರತ್ತು ಬೇರೆಯಿದೆ, ಅವರು ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ಒಂದರಿಂದ ಹತ್ತರವರೆಗಿನ ಪೂರಾ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಇರಬೇಕು. ಹದಿನೈದು ವರ್ಷದ ಹಿಂದಿನ ಶಾಲೆ ಮುಚ್ಚಿರಬಹುದು, ಇನ್ನೊಂದಕ್ಕೆ ಸೇರಿರಬಹುದು. ಹಾಜರಿ ರಿಜಿಸ್ಟರ್ ಯಾವ ಕಚೇರಿಗೆ ಹೋಗಿದೆ ಎಂದು ಹುಡುಕುವುದಕ್ಕೇ ತಿಂಗಳು ಬೇಕು. ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲಾತಿ ಕೇಳಿದರೆ ಮೇಲುಸ್ತರಕ್ಕೆ (ಕೆನೆಪದರಕ್ಕೆ) ಸೇರಿಲ್ಲ ಎಂಬ ಪತ್ರವೂ ಬೇಕು. ಆದಾಯ ಪತ್ರದ ಅವಧಿ ಐದು ವರ್ಷ. ಮದುವೆಯ ನಂತರ ಆಧಾರ್‌ನಲ್ಲಿ ಅಡ್ಡಹೆಸರು ಬದಲಿಸಿದ ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿಯ ಹೆಸರಿನ ಜೊತೆ ಹೊಂದಿಸುವ ಕೆಲಸವನ್ನು ಜನವರಿಗೆ ಮೊದಲೇ ಮುಗಿಸಲಿ. ಕೃಷಿಕ ಕೋಟಾ ಕೇಳಿದರೆ ಪ್ರಾಯೋಗಿಕ ಪರೀಕ್ಷೆಯ ದಿನಾಂಕವನ್ನೂ ಗಮನಿಸುತ್ತಿರಬೇಕು, ಅದು ಸಿಇಟಿ ದಿನವಲ್ಲ.

ಕಾಲೇಜುಗಳೆಲ್ಲ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ: ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗ, ಜೊತೆಗೆ ನಮ್ಮದೇ ಅಥಣಿ ತಾಲೂಕಿನ ಕೊಕಟನೂರು. ನಮ್ಮ ಮೂರೂ ಜಿಲ್ಲೆಗಳು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ವ್ಯಾಪ್ತಿಗೆ ಬರುವುದಿಲ್ಲ. ಬೀದರಿನಲ್ಲಿ ಶೇ 70 ಸೀಟು ಕಲ್ಯಾಣ ಕರ್ನಾಟಕದವರಿಗೆ, ನಾವು ಉಳಿದವುಗಳಿಗಷ್ಟೇ. ಆಯ್ಕೆ ತುಂಬುವಾಗ ಎಂಜಿನಿಯರಿಂಗ್, ಕೃಷಿ, ಪಶುವೈದ್ಯ ಎಲ್ಲವೂ ಒಂದೇ ಪಟ್ಟಿಯಲ್ಲಿರುತ್ತವೆ. ಕೃಷಿ ಕೋರ್ಸನ್ನು ಮೇಲಿಟ್ಟರೆ ಅದು ಸಿಕ್ಕ ಕ್ಷಣ ಕೆಳಗಿನ ಪಶುವೈದ್ಯ ಅಳಿಸಿಹೋಗುತ್ತದೆ. ಸೀಟು ಬಂದ ಮೇಲೆ ಚಾಯ್ಸ್ 1 ಅಂದರೆ ಒಪ್ಪಿ ಸೇರುವುದು, 2 ಅಂದರೆ ಹಿಡಿದುಕೊಂಡು ಮುಂದಿನ ಸುತ್ತಿಗೆ ಹೋಗುವುದು, 3 ಅಂದರೆ ಬಿಟ್ಟು ಮುಂದಿನ ಸುತ್ತಿಗೆ, 4 ಅಂದರೆ ಪೂರ್ತಿ ಹೊರಗೆ. ಪ್ರವೇಶ ಆದೇಶ ಕೈಗೆ ಬರುವ ಮೊದಲು ರಾಜೀನಾಮೆ ಬೇಡ. ಅಂತಿಮವಲ್ಲದ ಅಣಕು ಹಂಚಿಕೆಯಲ್ಲಿ (ಮಾಕ್ ಅಲಾಟ್‌ಮೆಂಟ್) ಸೀಟು ಕಂಡಿತೆಂದು ನೋಟಿಸ್ ಕೊಡುವುದು ಆತುರ. ಸೀಟು ಕೊಡಿಸುತ್ತೇವೆ ಎನ್ನುವ ಏಜೆಂಟರ ಕಾಲೇಜು ಪರಿಷತ್ತಿನ ಮಾನ್ಯತಾ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಪದವಿಗೆ ನೋಂದಣಿಯೇ ಆಗುವುದಿಲ್ಲ.

ಅನುಭವಕ್ಕೆ ಅಂಕವಿಲ್ಲ ಎಂದೆ. ಆದರೂ ತಾಲೂಕು ಪಶು ಆಸ್ಪತ್ರೆಯಲ್ಲಿ ವೈದ್ಯರ ಅನುಮತಿ ಕೇಳಿ ಹದಿನೈದು ಮುಂಜಾನೆ ನಿಂತು ನೋಡಲೇಬೇಕು. ನಾಯಿಮರಿ ಇಷ್ಟ ಎಂದು ಬಂದವರಿಗೆ ಇಲ್ಲಿನ ಕೆಲಸ ಬೇರೆಯೇ ಕಾಣಿಸುತ್ತದೆ. ಕರು ಅಡ್ಡ ಸಿಕ್ಕ ಎಮ್ಮೆಗೆ ಭುಜದವರೆಗೆ ಕೈ ಹಾಕಿ ಅರ್ಧ ತಾಸು ತಿರುಗಿಸಬೇಕು. ಕೊಯ್ದ ಜೋಳದ ಕೂಳೆ ಮತ್ತೆ ಚಿಗುರಿದಾಗ, ಮಳೆ ಕೈಕೊಟ್ಟು ಎಳೆ ಜೋಳ ಬಾಡಿದಾಗ ಅದರಲ್ಲಿ ಸೈನೈಡ್ ವಿಷ ಏರುತ್ತದೆ. ಮೇಯ್ದ ದನ ನಿಮಿಷಗಳಲ್ಲಿ ಉಸಿರುಗಟ್ಟಿ ಬೀಳುತ್ತದೆ, ರಕ್ತ ಕೆಂಡದಂತೆ ಕೆಂಪಾಗಿರುತ್ತದೆ. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ರಕ್ತನಾಳಕ್ಕೆ ಹೋಗುವುದು ತಡವಾದರೆ ಮುಗಿಯಿತು. ಕರು ಹಾಕಿದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ತಳಿಯ) ಆಕಳು ಕ್ಯಾಲ್ಸಿಯಂ ಇಳಿದು ಕತ್ತು ಮಡಚಿ ಮಲಗಿದ್ದು, ಸರಿಯಾದ ಇಂಜೆಕ್ಷನ್ ಹೋದ ಮೇಲೆ ಎದ್ದು ನಿಲ್ಲುವುದನ್ನೂ ಅಲ್ಲೇ ನೋಡಬಹುದು. ಬಾಗಲಕೋಟೆಯ ಯಳಗ ಕುರಿ, ಕೃಷ್ಣಾ ತೀರದ ಕೃಷ್ಣಾ ವ್ಯಾಲಿ ಎತ್ತು, ಖಿಲಾರಿ, ಗಡಿಯ ಪಂಢರಪುರಿ ಎಮ್ಮೆ, ಮುಧೋಳ ನಾಯಿ, ಇಷ್ಟು ತಳಿಗಳು ಇಷ್ಟು ಹತ್ತಿರದಲ್ಲಿ ಸಿಗುವುದು ನಮ್ಮ ಭಾಗ್ಯ. ಮುಧೋಳದ ಬಳಿ ತಿಮ್ಮಾಪುರದಲ್ಲಿ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ, ಒಮ್ಮೆ ಹೋಗಿ ಬನ್ನಿ.

ಆಸ್ಪತ್ರೆಯಲ್ಲಿ ನಿಲ್ಲುವ ಮೊದಲೇ ರೇಬೀಸ್ ಮುಂಜಾಗ್ರತಾ ಲಸಿಕೆ ಹಾಕಿಸಿಕೊಳ್ಳಿ: ಮೊದಲ ದಿನ, 7ನೇ ದಿನ, 21 ಅಥವಾ 28ನೇ ದಿನ. ಕಂದು ಹಾಕಿದ, ಅಂದರೆ ಗರ್ಭ ಇಳಿದ ಆಕಳಿನ ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅದರಿಂದ ಬ್ರುಸೆಲ್ಲಾ ರೋಗಾಣು ಹತ್ತಿದರೆ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತವೆ, ಓದುವ ವರ್ಷ ಹಾಸಿಗೆಯಲ್ಲೇ ಕಳೆಯುತ್ತದೆ.