ಎರಡು ಸಲ ಹೇಳಿದ ಸಂಖ್ಯೆ

13 ಫೆಬ್ರವರಿ 2025, ಗುರುವಾರ

ಇಂದು ವಿಶ್ವ ರೇಡಿಯೋ ದಿನ. 1946ರಲ್ಲಿ ವಿಶ್ವಸಂಸ್ಥೆಯ ರೇಡಿಯೋ ಶುರುವಾದದ್ದು ಇದೇ ತಾರೀಖಿನಂದು. ನಮ್ಮ ನಿಲಯದ ಅಕ್ಕ ಬೇಕೆಂದೇ ಈ ದಿನ ನಿವೃತ್ತರಾಗುತ್ತಿದ್ದಾರೆ ಎಂದುಕೊಂಡಿದ್ದೆವು. ಹಾಗಲ್ಲವಂತೆ. ಕೇಳುಗರ ಬಾಕಿ ಪ್ರಶ್ನೆಗಳನ್ನು ಆದಷ್ಟು ಮುಗಿಸಲು ಇಷ್ಟು ದಿನ ಹಿಡಿಯಿತಂತೆ.

ಬಿನ್ನವತ್ತಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೂರು ಕರಡು ಹರಿದೆ. ‘ಮಧುರ ಕಂಠ’ ಎಂದು ಬರೆಯಲು ಮನಸ್ಸು ಒಪ್ಪಲಿಲ್ಲ. ಅವರ ದನಿ ಸಾಧಾರಣವಾದದ್ದು, ಕೊಂಚ ಒರಟು. ಜನ ಅದನ್ನು ನಂಬಿದರು, ಅಷ್ಟೇ. ನಂಬಿಕೆ ಬಂದ ದಾರಿಯನ್ನೇ ಬರೆಯಬೇಕು ಎಂದು ಕೊನೆಗೆ ಹೊಳೆಯಿತು.

ರೇಡಿಯೋಗೆ ಬರುವ ಮೊದಲು ಅವರು ಸರ್ಕಾರಿ ಸೇವೆಯಲ್ಲಿದ್ದರು. ಪಿಂಚಣಿ ವಿಭಾಗದಲ್ಲಿ ಕೆಲವು ವರ್ಷ, ಆಮೇಲೆ ಪ್ರವಾಹ ನಿಯಂತ್ರಣ ಕೊಠಡಿಯಲ್ಲಿ. ಕಚೇರಿಯ ಕಿಟಕಿಯ ಮುಂದೆ ನಿಂತವರ ಮುಖ ಅವರಿಗೆ ಮರೆತಿರಲಿಲ್ಲ. ಅರ್ಜಿ ತುಂಬುವುದನ್ನು ಹೇಳಿಕೊಡುವಾಗ, “ಪೆನ್ನು ತೆಗೆದುಕೊಳ್ಳಿ, ಕಾಯುತ್ತೇನೆ” ಎಂದು ನಿಜವಾಗಿಯೂ ಕಾಯುತ್ತಿದ್ದರು. ಪ್ರಸಾರದಲ್ಲಿ ಹತ್ತು ಸೆಕೆಂಡಿನ ಮೌನ ಎಷ್ಟು ದೀರ್ಘ ಎಂಬುದು ಸ್ಟುಡಿಯೋದ ಕೆಂಪು ದೀಪದ ಕೆಳಗೆ ಕುಳಿತವರಿಗೆ ಗೊತ್ತು. ಹೊಸಬನಾಗಿದ್ದ ನಾನು ಒಮ್ಮೆ ಗಾಬರಿಯಾಗಿ ಸಂಗೀತ ಹಾಕಿಬಿಟ್ಟೆ. ಅವರು ಗದರಲಿಲ್ಲ. “ಕೇಳುವವರಿಗೆ ಪುಟ ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ, ತಮ್ಮಾ” ಎಂದರು. ಅಂದಿನಿಂದ ಫೋನ್ ಸಂಖ್ಯೆಯನ್ನು ನಾನೂ ಎರಡು ಸಲ ಹೇಳುತ್ತೇನೆ.

ಗೊತ್ತಿಲ್ಲದ್ದಕ್ಕೆ “ವಿಚಾರಿಸಿ ನಾಳೆ ಹೇಳುತ್ತೇನೆ” ಎನ್ನುತ್ತಿದ್ದರು. ಆ ನಾಳೆ ತಪ್ಪದೆ ಬರುತ್ತಿತ್ತು. ಅದಕ್ಕೊಂದು ನೀಲಿ ರಟ್ಟಿನ ರಿಜಿಸ್ಟರ್ ಇಟ್ಟಿದ್ದರು: ಕರೆ ಮಾಡಿದವರ ಪ್ರಶ್ನೆ, ತಾರೀಖು, ಉತ್ತರ ಸಿಕ್ಕ ದಿನ.

ಈ ವರ್ಷದ ರೇಡಿಯೋ ದಿನದ ವಿಷಯ ಹವಾಮಾನ ಬದಲಾವಣೆ. ನನಗೆ ನೆನಪಾದದ್ದು ನೆರೆಯ ಆ ರಾತ್ರಿ. ವಿದ್ಯುತ್ ಹೋಗಿ, ಮೊಬೈಲ್ ಗೋಪುರಗಳ ಬ್ಯಾಟರಿಯೂ ಬರಿದಾದ ಮೇಲೆ ಜನರ ಬಳಿ ಉಳಿದದ್ದು ಸೆಲ್ ಹಾಕಿದ ರೇಡಿಯೋ ಮಾತ್ರ. ಒಬ್ಬರು ಕೇಳಿದರೂ ಲಕ್ಷ ಜನ ಕೇಳಿದರೂ ಪ್ರಸಾರ ಯಂತ್ರಕ್ಕೆ ಹೊರೆ ಒಂದೇ. ಅಕ್ಕ ಬೆಳಗಿನವರೆಗೂ ಕುರ್ಚಿ ಬಿಡಲಿಲ್ಲ. ಪ್ರತಿ ಸೂಚನೆಗೂ ಮೊದಲು ಗಂಟೆ ಎಷ್ಟೆಂದು ಹೇಳಿದರು, ಈಗಷ್ಟೇ ರೇಡಿಯೋ ಹಚ್ಚಿದವರಿಗೆ ಸುದ್ದಿ ಹಳೆಯದೋ ಹೊಸದೋ ತಿಳಿಯಬೇಕಲ್ಲ. ಒಡ್ಡು ಒಡೆಯಿತೆಂಬ ವದಂತಿ ಹಬ್ಬಿದಾಗ, ಅದನ್ನು ಅಲ್ಲಗಳೆಯುವುದಕ್ಕಾಗಿಯೂ ಆ ಮಾತನ್ನು ಬಾಯಿಗೆ ತರಲಿಲ್ಲ. ಅರ್ಧ ಕೇಳಿದವರ ಕಿವಿಗೆ ‘ಒಡೆಯಿತು’ ಎಂಬುದೊಂದೇ ಬೀಳುತ್ತದೆ ಎಂಬುದು ನಿಯಂತ್ರಣ ಕೊಠಡಿ ಅವರಿಗೆ ಕಲಿಸಿದ ಪಾಠ. “ಒಡ್ಡು ಭದ್ರವಾಗಿದೆ. ಅಲ್ಲಿ ನಿಂತಿರುವ ಎಂಜಿನಿಯರ್ ಈಗ ತಾನೇ ತಿಳಿಸಿದರು” ಎಂದಷ್ಟೇ ಹೇಳಿದರು.

ಬಿನ್ನವತ್ತಳೆಯಲ್ಲಿ ಇದನ್ನೆಲ್ಲ ಬರೆದೆ. ಓದುವಾಗ ನನ್ನ ಗಂಟಲು ಎರಡು ಕಡೆ ಕಟ್ಟಿತು. ಅಕ್ಕ ತಲೆತಗ್ಗಿಸಿ ಕುಳಿತಿದ್ದರು. ಭಾಷಣ ಮಾಡಿ ಎಂದರೆ ಎದ್ದು ಬಂದು ನೀಲಿ ರಿಜಿಸ್ಟರನ್ನು ಹೊಸ ನಿರೂಪಕಿಯ ಕೈಗಿಟ್ಟರು. ಮೂರು ಸಾಲುಗಳಿಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ. ಅದರಲ್ಲಿ ಒಂದು, ಗಂಡನ ಪಿಂಚಣಿಗಾಗಿ ಅಲೆಯುತ್ತಿರುವ ಅಜ್ಜಿಯದು.

“ಇವರಿಗೆ ನಾಳೆ ಹೇಳುತ್ತೇನೆ ಎಂದಿದ್ದೇನೆ” ಎಂದರು ಅಕ್ಕ. ಬಳಿಕ ಅಜ್ಜಿಯ ಫೋನ್ ಸಂಖ್ಯೆಯನ್ನು ಆ ಹುಡುಗಿಗೆ ನಿಧಾನವಾಗಿ ಓದಿದರು. ಇನ್ನೊಮ್ಮೆ ಓದಿದರು.