ಸೂರ್ಯನ ಹೊಳಪಿನ ಕಡತ: ಬೆಸುಗೆ ಇರುವಲ್ಲೇ ತಕರಾರು

12 ಜೂನ್ 2024, ಬುಧವಾರ

ಇವತ್ತಿನ ಕೆಲಸ: 1610ರಿಂದೀಚೆಗಿನ ಸೌರ ವಿಕಿರಣದ ಸರಣಿಯನ್ನು ಹವಾಮಾನ ಮಾದರಿಗೆ ಕೊಡುವ ಮುನ್ನ ಒಂದೇ ಅಳತೆಗೆ ತರುವುದು.

ಮೊದಲು 2003ರ ಬೆಸುಗೆ, ಅಂದರೆ ಹಳೆಯ ಉಪಗ್ರಹ ಅಳತೆಗೆ ಹೊಸದು ಕೂಡುವ ಜಾಗ. ಹಳೆಯ ಉಪಕರಣಗಳು ಚದರ ಮೀಟರಿಗೆ 1365–66 ವ್ಯಾಟ್ ತೋರಿಸುತ್ತಿದ್ದವು. ಸೋರ್ಸ್ ಉಪಗ್ರಹದ ಹೊಸ ಉಪಕರಣ 'ಟಿಮ್' ತೋರಿಸಿದ್ದು 1361. ಸೂರ್ಯನೇನೂ ಮಂಕಾಗಿರಲಿಲ್ಲ. ಹಳೆಯವುಗಳಲ್ಲಿ ಅಗಲ ಕಿಂಡಿ ಮುಂದೆ, ಅಳತೆಯ ಕಿರುಕಿಂಡಿ ಒಳಗೆ. ಅಗಲ ಕಿಂಡಿಯಲ್ಲಿ ನುಗ್ಗಿದ ಹೆಚ್ಚುವರಿ ಬೆಳಕು ಒಳಗೆ ಚದುರಿ, ಒಂದಷ್ಟು ಸಂವೇದಕದ ಕುಳಿಗೂ ಬೀಳುತ್ತಿತ್ತು. ಟಿಮ್‌ನಲ್ಲಿ ಕಿರುಕಿಂಡಿಯೇ ಮುಂದೆ. ಎರಡನ್ನೂ ಹಾಗೇ ಅಂಟಿಸಿದರೆ ಸುಮಾರು 4.5 ವ್ಯಾಟಿನ ಸುಳ್ಳು ಮೆಟ್ಟಿಲು. ಭೂಮಿ ಗುಂಡಗಿರುವುದಕ್ಕೆ 4ರಿಂದ ಭಾಗಿಸಿ, ಪ್ರತಿಫಲನಕ್ಕೆ 0.7ರಿಂದ ಗುಣಿಸಿದರೂ 0.8 ವ್ಯಾಟ್ ಉಳಿಯುತ್ತದೆ. ಸೂರ್ಯನ ಚಟುವಟಿಕೆಯ 11 ವರ್ಷದ ಚಕ್ರದ ನಿಜವಾದ ಏರಿಳಿತ ಇದೇ ಲೆಕ್ಕದಲ್ಲಿ 0.2ರ ಆಸುಪಾಸು!

ಇದಕ್ಕಿಂತ ಕಗ್ಗಂಟು 1989–91ರದು. ಹೊಳಪು ಅಳೆಯುವ ಆಕ್ರಿಮ್-1 ಉಪಕರಣ ನಿಂತು ಆಕ್ರಿಮ್-2 ಹಾರುವ ನಡುವಿನ ಎರಡು ವರ್ಷಕ್ಕೆ ನಿಂಬಸ್-7 ಮತ್ತು ಇಆರ್‌ಬಿಎಸ್ ಉಪಗ್ರಹಗಳ ಅಳತೆಗಳೇ ಸೇತುವೆ. ಅವೆರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ನಿಂಬಸ್ ಅನ್ನು ಇದ್ದಂತೆ ನಂಬಿದರೆ ಚಕ್ರದ 1996ರ ಕನಿಷ್ಠ ಘಟ್ಟ 1986ರದಕ್ಕಿಂತ ಶೇ. 0.04ರಷ್ಟು ಪ್ರಖರ. ಅದನ್ನು ತಿದ್ದಿ ಸ್ವಿಟ್ಜರ್‌ಲೆಂಡಿನ ಪಿಎಂಒಡಿ ಸಂಸ್ಥೆ ಕಟ್ಟಿದ ಸರಣಿಯಲ್ಲಿ ಆ ಏರಿಕೆಯೇ ಇಲ್ಲ. ನನ್ನ ಮತ ಪಿಎಂಒಡಿಗೆ. ಸೂರ್ಯನ ಕಾಂತಕ್ಷೇತ್ರದಿಂದ ಕಟ್ಟಿದ ಮಾದರಿಗಳು ಅದರ ಜೊತೆಗೇ ಹೊಂದುತ್ತವೆ. ಆದರೆ ಮಾದರಿ ನೋಡಿ ಅಳತೆ ಆರಿಸಿ, ಅದೇ ಅಳತೆಯಿಂದ ಮಾದರಿ ಸರಿಯೆಂದರೆ ಗಾಣದ ಎತ್ತಿನ ಸುತ್ತಾಟವಾದೀತು.

ಉಪಗ್ರಹ ಅಳತೆ ಶುರುವಾದ 1978ಕ್ಕಿಂತ ಹಿಂದೆ ಆಸರೆ ಸೌರಕಲೆಗಳ ಎಣಿಕೆ. ಕಲೆಗಳು ಹೊಳಪು ತಗ್ಗಿಸುತ್ತವೆ, ಅವುಗಳ ಜೊತೆಗಿರುವ ಬೆಳ್ಳಗಿನ ತೇಪೆಗಳು ಏರಿಸುತ್ತವೆ. ಚಕ್ರದ ಒಟ್ಟು ಲೆಕ್ಕದಲ್ಲಿ ತೇಪೆಗಳದೇ ಮೇಲುಗೈ. ಎಣಿಕೆಯ ಕಡತ ತೆರೆದೊಡನೆ ಆವೃತ್ತಿ ನೋಡಬೇಕು: 2015ರ ಆವೃತ್ತಿ 2.0ದಲ್ಲಿ ಹಳೆಯ 0.6 ಗುಣಕ ಕೈಬಿಟ್ಟಿದ್ದಾರೆ. ಹಳೆಯದು, ಹೊಸದು ಬೆರೆತರೆ ಸಂಖ್ಯೆ ಒಮ್ಮೆಲೇ ಒಂದೂವರೆ ಪಟ್ಟು ಮೀರಿ ಜಿಗಿಯುತ್ತದೆ.

ಇನ್ನೂ ಹಿಂದಕ್ಕೆ ಮರದ ಉಂಗುರಗಳ ಕಾರ್ಬನ್-14, ಧ್ರುವದ ಹಿಮದೊಳಗಿನ ಬೆರಿಲಿಯಂ-10. ಇವೆರಡೂ ವಿಶ್ವಕಿರಣ ಗಾಳಿಗೆ ಬಡಿದು ಹುಟ್ಟುವಂಥವು. ಸೂರ್ಯ ಚುರುಕಾದಾಗ ವಿಶ್ವಕಿರಣ ಕಡಿಮೆ, ಇವೂ ಕಡಿಮೆ. ಭೂಕಾಂತವೂ ವಿಶ್ವಕಿರಣ ತಡೆಯುವುದರಿಂದ, ಅದರ ಬದಲಾವಣೆಯನ್ನು ಮೊದಲೇ ಕಳೆಯದಿದ್ದರೆ ಅದೂ ಸೂರ್ಯನ ಲೆಕ್ಕಕ್ಕೇ ಜಮೆ. ಕಲ್ಲಿದ್ದಲ ಹೊಗೆ ಮತ್ತು ಅಣುಬಾಂಬ್ ಪರೀಕ್ಷೆಗಳು ಕೆಡಿಸಿದ್ದರಿಂದ, ಉಪಗ್ರಹ ಕಾಲದ ಕಾರ್ಬನ್-14 ತಾಳೆಗೆ ಸಿಗದು.

1645–1715ರ ಹೆಚ್ಚುಕಮ್ಮಿ ಕಲೆಯಿಲ್ಲದ ಕಾಲ ಎಷ್ಟು ಮಂಕಾಗಿತ್ತೆಂಬುದಕ್ಕೆ ಅಂದಾಜುಗಳು 1 ವ್ಯಾಟಿಗಿಂತ ಕಡಿಮೆಯಿಂದ 6ರ ತನಕ ಹರಡಿವೆ. ಸರಾಸರಿ ತೆಗೆಯುತ್ತಿಲ್ಲ, 1 ಮತ್ತು 3 ವ್ಯಾಟಿಗೆ ಬೇರೆ ಬೇರೆ ಕಡತ ಮಾಡಿ, ಮಾದರಿಯನ್ನು ಎರಡು ಸಲ ಓಡಿಸಲು ಕೊಟ್ಟಾಯಿತು.